ಗುಂಡಿ ಹಾಕೋದನ್ನು ಕೊನೆಯಿಂದ ಕಲಿಸಿ

ಆರು ವರ್ಷವಾದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಲೋಟ ಎತ್ತಿದರೆ ಹಾಲು ಚೆಲ್ಲುತ್ತದೆ. ಮನೆಯಲ್ಲಿ ‘ಸೋಮಾರಿ’, ಶಾಲೆಯಲ್ಲಿ ‘ಗಮನವೇ ಇಲ್ಲ’ ಎಂಬ ಬೈಗುಳ. ಇಂಥ ಕೆಲವು ಮಕ್ಕಳಿಗೆ ಇರುವುದು ಡಿಸ್‌ಪ್ರಾಕ್ಸಿಯಾ; ವೈದ್ಯರು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಎನ್ನುತ್ತಾರೆ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಸುಮಾರು 5-6 ಮಂದಿಗೆ ಇದು ಇರುತ್ತದೆಂಬ ಅಂದಾಜಿದೆ. ಇದು ಬುದ್ಧಿಯ ಕೊರತೆ ಅಲ್ಲ. ಕೈಕಾಲು ಯಾವಾಗ, ಎಷ್ಟು ಆಡಬೇಕೆಂದು ಮೆದುಳು ಲೆಕ್ಕ ಹಾಕುವುದರಲ್ಲಿ ತೊಡಕು, ಅಷ್ಟೇ.

ಸುಮ್ನೆ ಸ್ಪಂಜಿನ ಚೆಂಡು ಹಿಸುಕಿಸಿದರೆ ಗುಂಡಿ ಹಾಕಲು ಬಂದುಬಿಡುವುದಿಲ್ಲ. ಯಾವ ಕೆಲಸ ಬರಬೇಕೋ ಅದನ್ನೇ ಕಲಿಸಬೇಕು. ಒಂದು ಸಲಕ್ಕೆ ಒಂದೇ ಕೆಲಸ. ಯಾವುದೆಂದು ಮಗುವನ್ನೇ ಕೇಳಿ.

ಗುಂಡಿಯನ್ನೇ ಆರಿಸಿತು ಅನ್ನಿ. ದೊಡ್ಡ ಗುಂಡಿ, ಸಡಿಲ ಕಾಜಾ ಇರುವ ಹಳೇ ಅಂಗಿಯನ್ನು ಮೇಜಿನ ಮೇಲೆ ಹರಡಿ. ಗುಂಡಿಯನ್ನು ಮುಕ್ಕಾಲು ಭಾಗ ನೀವೇ ತೂರಿಸಿ. ಈಚೆ ಇಣುಕಿದ ಅಂಚನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಎಳೆಯುವುದಷ್ಟೇ ಮಗುವಿನ ಪಾಲು. ಕೆಲಸ ಮುಗಿಸಿದ್ದು ತಾನೇ ಅನ್ನುವ ಖುಷಿ ಅದಕ್ಕೆ ಸಿಗುತ್ತದೆ, ಅಲ್ವಾ? ಇದು ಸಲೀಸಾದ ಮೇಲೆ ಅರ್ಧ ಮಾತ್ರ ತೂರಿಸಿ ಕೊಡಿ. ಆಮೇಲೆ ತೂರಿಸುವುದೂ ಅದರದ್ದೇ. ‘ಹಿಡಿ, ತೂರಿಸು, ಎಳೆ’ ಎಂದು ಮಗು ಬಾಯಲ್ಲೇ ಹೇಳಿಕೊಳ್ಳಲಿ. ತಪ್ಪಿದರೆ ಕೈ ಹಿಡಿದು ತಿದ್ದುವ ಮೊದಲು ‘ಎಲ್ಲಿ ಸಿಕ್ಕಿಕೊಂಡಿತು?’ ಎಂದು ಕೇಳಿ. ಮೈಮೇಲಿನ ಅಂಗಿಗೆ ಬಂದಾಗ ಹೊಟ್ಟೆ ಹತ್ತಿರದ ಗುಂಡಿಯಿಂದ ಶುರು ಮಾಡಿ, ಅದು ಕಣ್ಣಿಗೆ ಕಾಣುತ್ತದೆ. ಕಾಲರಿನದ್ದು ಕೊನೆಗೆ.

ಸಂಜೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಪಾಠ ಬೇಡ, ನೀವೇ ಹಾಕಿ ಕಳಿಸಿ.

ಬರೆಯುವಾಗ ಪಾದ ನೆಲಕ್ಕೆ ಊರಿರಬೇಕು. ಕುರ್ಚಿ ಎತ್ತರವಾದರೆ ಕಾಲಡಿಗೆ ಮಣೆ ಇಡಿ. ಉದ್ದ ಬಳಪಕ್ಕಿಂತ ತುಂಡು ಬಳಪ ವಾಸಿ, ಅದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಚೆಂಡು ಹಿಡಿಯಲು ಬಾರದವರಿಗೆ ಮೊದಲು ಬಲೂನ್ ಕೊಡಿ, ನಿಧಾನವಾಗಿ ಇಳಿಯುತ್ತದೆ.

ಸಾಮಾನ್ಯವಾಗಿ ಐದು ವರ್ಷಕ್ಕೆ ಮುಂಚೆ ಡಿಸಿಡಿ ಎಂದು ಹೇಳುವುದಿಲ್ಲ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಇಂಥ ದಿನನಿತ್ಯದ ಕೆಲಸಗಳನ್ನು ಕಲಿಸುವ ತಜ್ಞರು, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್, ಎಲ್ಲಿ ಸಿಗುತ್ತಾರೆಂದು ಗೊತ್ತಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ವಿಚಾರಿಸಿ. ಆದರೆ ಬರುತ್ತಿದ್ದ ಕೆಲಸವೇ ಮರೆತು ಹೋಗುತ್ತಿದ್ದರೆ, ಮೈಯ ಒಂದೇ ಪಕ್ಕ ಸೋಲುತ್ತಿದ್ದರೆ ಮನೆಯಲ್ಲಿ ಅಭ್ಯಾಸ ಮಾಡಿಸುತ್ತಾ ಕೂರಬೇಡಿ. ತಕ್ಷಣ ಮಕ್ಕಳ ಡಾಕ್ಟರಿಗೆ ತೋರಿಸಿ.