ಇಬ್ಬರು ಮಲಗಿದ್ದ ಮನೇಲಿ ನಾನು ಮಾಡಿದ ಮೊದಲ ಹೊಸತೊಡಕು

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಬರ್ತಿದ್ದ ಅಡುಗೆ ಅಂದ್ರೆ ಅನ್ನ, ಮೊಟ್ಟೆ ಪಲ್ಯ, ಮ್ಯಾಗಿ ಅಷ್ಟೇ. ಹೊಸತೊಡಕಿನ ಬಾಡೂಟ ತಿಂದು ಗೊತ್ತು, ಮಾಡಿ ಗೊತ್ತಿಲ್ಲ. ಉತ್ತರ ಕರ್ನಾಟಕದ ಕಡೆಯವ್ರಿಗೆ ಒಂದು ಮಾತು, ನಮ್ಮ ಬೆಂಗಳೂರು, ರಾಮನಗರ, ಮಂಡ್ಯ, ಮೈಸೂರು ಸೀಮೇಲಿ ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು, ಅಂದ್ರೆ ಮಾಂಸದೂಟ. ಅದೇ ಹೊಸತೊಡಕು. ನಿಜ ಹೇಳ್ಬೇಕಂದ್ರೆ ನಮ್ಮನೇಲಿ ಯುಗಾದಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ.

ಅಪ್ಪ ತೀರ್ಕೊಂಡಿದ್ದು 2024ರ ಜನವರಿಲಿ. ಆ ವರ್ಷ ಯಾವ ಹಬ್ಬಾನೂ ಇಲ್ಲ, ಪಕ್ಕದ ಮನೆಯವ್ರು ಕೊಟ್ಟ ಒಬ್ಬಟ್ಟನ್ನೇ ತಿಂದಿದ್ದು. ವರ್ಷದ ತಿಥಿ ಮುಗಿದ ದಿನಾನೇ ಅವ್ವ ಎಲ್ರ ಮುಂದೆ ಹೇಳ್ಬಿಟ್ಳು, ಈ ಸಲ ಹೊಸತೊಡಕು ಬೆಂಗಳೂರಿನ ಲಗ್ಗೆರೆ ಮನೇಲೇ, ಎಲ್ರೂ ಬರ್ಬೇಕು, ನಿಂತಿರೋ ಹಬ್ಬ ಇಲ್ಲಿಂದ್ಲೇ ಶುರು ಆಗ್ಬೇಕು ಅಂತ. ಊರಲ್ಲಿ ಅಪ್ಪ ಇದ್ದಾಗ ಎಲ್ಲ ಅಲ್ಲೇ ಆಗ್ತಿತ್ತು, ನಾವು ಹೋಗಿ ಎಲೆ ಮುಂದೆ ಕೂರ್ತಿದ್ವಿ. ಈಗ ಊರಿನ ಮನೆಗೆ ಬೀಗ, ಅವ್ವ ನಮ್ಮ ಜೊತೆ.

ಅವ್ವನಿಗೆ ಹಿಂದಿನ ನವೆಂಬರಲ್ಲಿ ಚಿಕುನ್‌ಗುನ್ಯಾ ಬಂದಿತ್ತು. ಜ್ವರ ವಾರದಲ್ಲಿ ಹೋಯ್ತು, ಕೀಲು ನೋವು ಹೋಗ್ಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮುಷ್ಟಿ ಕಟ್ಟಕ್ಕಾಗಲ್ಲ, ಲೋಟ ಹಿಡಿಯಕ್ಕೂ ಎರಡೂ ಕೈ ಬೇಕು. ತಿಂಗಳುಗಟ್ಲೆ ಹಿಂಗೇ ಇರ್ಬಹುದು ಅಂತ ಡಾಕ್ಟ್ರು ಹೇಳಿದ್ರು. ಸರಿ, ಅವ್ವ ಹೇಳ್ಕೊಡ್ಲಿ, ಹೆಂಡ್ತಿ ಮಾಡ್ಲಿ, ನಾನು ಈರುಳ್ಳಿ ಹೆಚ್ಚಿ ಚೇರ್ ಜೋಡಿಸ್ತೀನಿ ಅನ್ನೋದು ನನ್ನ ಪ್ಲಾನು. ಶುಕ್ರವಾರ ಸಂಜೆ, ಅಂದ್ರೆ ಮಾರ್ಚ್ 28, ಹೆಂಡ್ತಿ ಆಫೀಸಿಂದ ಬಂದೋಳು ಬ್ಯಾಗ್ ಕೂಡ ಇಳಿಸದೆ ಸೋಫಾ ಮೇಲೆ ಬಿದ್ಕೊಂಡ್ಳು, ಹಣೆ ಮುಟ್ಟಿದ್ರೆ ಕಾದ ಕಾವಲಿ. 102.

ರಸ್ತೆ ತುದಿ ಕ್ಲಿನಿಕ್ಕಲ್ಲಿ ವೈರಲ್ ಅನ್ಸುತ್ತೆ ಅಂದ್ರು, ಆದ್ರೂ ಡೆಂಗ್ಯೂ ನೋಡ್ಬಿಡೋಣ ಅಂತ ಎನ್‌ಎಸ್ 1 ಟೆಸ್ಟಿಗೆ ರಕ್ತ ತಗೊಂಡ್ರು. ರಿಪೋರ್ಟ್ ಬರೋವರೆಗೂ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಬೇಡಿ, ಡೆಂಗ್ಯೂ ಆಗಿದ್ರೆ ರಕ್ತಸ್ರಾವದ ಭಯ ಇರುತ್ತೆ ಅಂತ ಎರಡು ಸಲ ಹೇಳಿ ಕಳ್ಸಿದ್ರು. ಶನಿವಾರ ಮಧ್ಯಾಹ್ನ ರಿಪೋರ್ಟ್ ಬಂತು, ನೆಗೆಟಿವ್. ಜ್ವರ ಮಾತ್ರ ಹಂಗೇ.

ಕ್ಯಾನ್ಸಲ್ ಮಾಡೋಣ ಅವ್ವ ಅಂದೆ. ಅವ್ವ ಬೈಲಿಲ್ಲ, ಅಳ್ಲಿಲ್ಲ, "ಆಗ್ಲಿ ಬಿಡಪ್ಪ" ಅಂದು ಗೋಡೆ ಕಡೆ ತಿರುಗಿ ಮಲ್ಕೊಂಡ್ಳು. ಅದಕ್ಕಿಂತ ಬೈದಿದ್ರೇ ವಾಸಿ ಇತ್ತು. ಅರ್ಧ ಗಂಟೆ ಆದ್ಮೇಲೆ ನಾನೇ ಹೋಗಿ ನಾನ್ ಮಾಡ್ತೀನಿ, ನೀನು ಕೂತು ಹೇಳು ಅಂದೆ.

ಆಮೇಲೆ ಒಬ್ಬೊಬ್ರಿಗೂ ಫೋನ್ ಹಚ್ಚಿದೆ. ಮನೇಲಿ ಜ್ವರ ಇದೆ, ಇವ್ಳನ್ನ ರೂಮಲ್ಲೇ ಇಡ್ತೀನಿ, ಊಟ ಟೆರೇಸ್ ಮೇಲೆ, ಇಷ್ಟರ ಮೇಲೆ ನಿಮ್ಮಿಷ್ಟ, ಬರ್ದಿದ್ರೆ ಬೇಜಾರಿಲ್ಲ ಕ್ಯಾರಿಯರ್ ಕಳಿಸ್ತೀನಿ ಅಂತ ಎಲ್ರಿಗೂ ಒಂದೇ ಮಾತು. ತಮ್ಮನ ಹೆಂಡ್ತಿ ಐದು ತಿಂಗಳ ಬಸುರಿ, ನೀವು ಬರ್ಲೇಬೇಡಿ ಅಂತ ನಾನೇ ಹೇಳ್ದೆ, ತಮ್ಮ ಒಬ್ನೇ ಬಂದ. ಚಿಕ್ಕಪ್ಪನಿಗೆ ಶುಗರ್ ಇದೆ, ಹಾರ್ಟಿಗೆ ಸ್ಟೆಂಟೂ ಹಾಕಿದೆ, ಯೋಚನೆ ಮಾಡಿ ಅಂದ್ರೆ "ಬಾಡು ಇರೋ ಮನೇಗೆ ಜ್ವರ ಅಂತ ಹೆದರ್ಕೊಂಡು ಕೂರ್ತೀನೇನ್ಲಾ" ಅಂದ್ರು. ಬಂದಿದ್ದು ಹನ್ನೆರಡು ಜನ. ಇಲ್ಲಿ ಇನ್ನೊಂದು ಪಂಚಾಯ್ತಿ ಇತ್ತು, ಆ ಸಲ ಹೊಸತೊಡಕು ಬಿದ್ದಿದ್ದು ಸೋಮವಾರ. ಚಿಕ್ಕಮ್ಮ ಸೋಮವಾರ ಬಾಡು ಮುಟ್ಟಲ್ಲ, ಅವ್ವನೂ ಮುಟ್ಟಲ್ಲ. ಮಂಗಳವಾರಕ್ಕೆ ಹಾಕೋಣ ಅಂದ್ರೆ ಯಾರಿಗೂ ರಜ ಇಲ್ಲ. ಕೊನೆಗೆ ಅವ್ವನೇ ತೀರ್ಪು ಕೊಟ್ಳು, ಹೊಸತೊಡಕಿಗೆ ವಾರ ಇಲ್ಲ ಅಂತ. ಚಿಕ್ಕಮ್ಮ ಒಪ್ಲಿಲ್ಲ, ಅವ್ರಿಗೆ ಅಂತ ಅಕ್ಕ ಹೆಸರುಕಾಳಿನ ಮೊಳಕೆ ಸಾರು ಬೇರೆ ಮಾಡ್ಕೊಂಡು ಬಂದ್ಳು.

ಯುಗಾದಿ ದಿನಾನ ನಾನು ಕೈಬಿಟ್ಟೆ ಅಂತಾನೇ ಹೇಳ್ಬೇಕು. ಬೇವು ಬೆಲ್ಲ, ತೋರಣ, ಒಂದು ಪಾಯಸ, ಅಷ್ಟೇ. ಒಬ್ಬಟ್ಟು ಹೋಳಿಗೆ ಅಂಗಡಿಯಿಂದ ತಂದೆ. ಅವ್ವ ಒಂದು ಮುರಿದು ನೋಡಿ "ಮೈದಾ ದಪ್ಪ, ಹೂರಣ ಜಿಪುಣ" ಅಂದ್ಳು, ಒಬ್ಬಟ್ಟಿನ ಸಾರಿಲ್ಲದ ಯುಗಾದಿ ಇದೇ ಮೊದಲು ಅಂತ ಮೂರು ಸಲ ಅಂದ್ಳು. ಬೇಳೆ ಕಟ್ಟು ಎಲ್ಲಿಂದ ತರ್ಲಿ, ಅಂಗಡಿಯವ್ನು ಅದನ್ನ ಮಾರಲ್ಲ.

ಸಂಜೆ ಚಂದ್ರನ್ನ ನೋಡ್ಬೇಕು ಅಂತ ಹಠ ಮಾಡಿದ್ಳು. ಹದಿನೆಂಟು ಮೆಟ್ಲು, ಒಂದೊಂದು ಮೆಟ್ಲಿಗೂ ಎರಡೂ ಕಾಲು ಜೋಡಿಸಿ, ನನ್ನ ಹೆಗಲು ಹಿಡ್ಕೊಂಡು ಹತ್ತಿದ್ಳು. ಎದುರು ಮನೆ ಟೆರೇಸಲ್ಲೂ ಹುಡುಗ್ರೆಲ್ಲ ಸೇರಿ ಪಶ್ಚಿಮದ ಕಡೆ ಬೆರಳು ತೋರಿಸ್ತಾ ಇದ್ರು, ಅವ್ರಿಗೂ ಅದೇ ಚಂದ್ರ ಕಾಣ್ಬೇಕಿತ್ತು, ಕಂಡ್ರೆ ನಾಳೆ ರಂಜಾನ್. ಅವ್ವನ ಕಣ್ಣಿಗೆ ಏನೂ ಕಾಣ್ಲಿಲ್ಲ. ಆ ಕಡೆಯಿಂದ ಒಬ್ಬ ಹುಡುಗ "ಅಜ್ಜಿ, ಆ ವಾಟರ್ ಟ್ಯಾಂಕ್ ಇದೆಯಲ್ಲ, ಅದ್ರ ಮೇಲೆ" ಅಂತ ಕೂಗಿದ. ಉಗುರು ಕತ್ತರಿಸಿ ಬಿಸಾಕಿದಷ್ಟು ತೆಳ್ಳಗಿತ್ತು. ಅವ್ವ ಆ ಸೊಟ್ಟ ಬೆರಳಲ್ಲೇ ಕೈ ಮುಗಿದ್ಳು.

ಸೋಮವಾರ. ಹಬ್ಬ, ರಂಜಾನ್ ಎರಡೂ ಒಂದೇ ದಿನ ಅಂದ್ಮೇಲೆ ಮಟನ್ ಅಂಗಡಿ ಮುಂದೆ ಕ್ಯೂ ಹೆಂಗಿರುತ್ತೆ ಅಂತ ಹೇಳ್ಬೇಕಾಗಿಲ್ಲ, ಜ್ವರದೋಳನ್ನ ಮನೇಲಿ ಬಿಟ್ಟು ಮೂರು ಗಂಟೆ ನಿಲ್ಲಕ್ಕಾಗಲ್ಲ. ಬಚಾವ್ ಮಾಡಿದ್ದು ಭಾವ. ಅವ್ರದ್ದು ಚನ್ನಪಟ್ಟಣದ ಹತ್ರ ಹಳ್ಳಿ, ಅಲ್ಲಿ ವರ್ಷ ಪೂರ್ತಿ ಚೀಟಿ ಕಟ್ಟಿ ಹಬ್ಬಕ್ಕೆ ಟಗರು ತಂದು ಕುಯ್ದು ಸಮಸಮ ಗುಡ್ಡೆ ಹಾಕಿ ಹಂಚ್ಕೋತಾರೆ. ಎರಡು ಗುಡ್ಡೆ, ಹತ್ರತ್ರ ಐದು ಕೆಜಿ, ಜೊತೆಗೆ ಬೇರೆಯಾಗಿ ಒಂದು ಕೆಜಿ ಕೈಮ, ಏಳೂವರೆಗೆಲ್ಲ ಬಾಳೆ ಎಲೇಲಿ ಸುತ್ಕೊಂಡು ಬಂದ್ರು.

ಅಡುಗೆ ಮನೆ ಬಿಟ್ಟು ಟೆರೇಸಿಗೆ ಹೋಗಿದ್ದು ಮಾತ್ರ ನನ್ನ ತಲೆ. ಬೆಳ್ಳುಳ್ಳಿ ಬಾಡ್ಸೋ ವಾಸನೆ ಬಂದ್ರೆ ಸಾಕು ಹೆಂಡ್ತಿಗೆ ವಾಂತಿ ಬರ್ತಿತ್ತು, ಶನಿವಾರಾನೇ ಗೊತ್ತಾಗಿತ್ತು. ಮೇಲ್ಮನೆ ಆಂಟಿ ಹತ್ರ ದೊಡ್ಡ ಒಲೆ, ಸಪ್ಲೈಯರ್ಸ್ ಹತ್ರ ಚಿಕ್ಕದೊಂದು ಶಾಮಿಯಾನ, ಸಿಲಿಂಡರ್ ಹೊತ್ತಿದ್ದು ತಮ್ಮ. ಗಾಳಿಗೆ ಉರಿ ನಿಲ್ಲಲ್ಲ ಅಂತ ಹಳೇ ಕಪಾಟಿನ ಬಾಗ್ಲು ಅಡ್ಡ ಇಟ್ವಿ. ಅವ್ವನ್ನ ಪ್ಲಾಸ್ಟಿಕ್ ಚೇರ್ ಸಮೇತ ನಾನೂ ಭಾವನೂ ಎತ್ಕೊಂಡು ಹೋದ್ವಿ, ದೇವ್ರ ಉತ್ಸವ ಹೋದಂಗೆ. ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿದ್ದೆ, ಎಡಗಡೆ ಮಾತ್ರೆ, ಬಲಗಡೆ ಅಡುಗೆ. 8:00 ಡೋಲೋ, 8:15 ಈರುಳ್ಳಿ. 10:00 ಗಂಜಿ, ಟೆಂಪರೇಚರ್. 10:15 ಮಸಾಲೆ ರುಬ್ಬು. 2:00 ಮತ್ತೆ ಡೋಲೋ, ಜ್ವರ ಇದ್ರೆ ಮಾತ್ರ. ಆರು ಗಂಟೆ ಗ್ಯಾಪ್ ತಪ್ಪಬಾರ್ದು ಅಂತ ಅದಕ್ಕೆ ಕೆಂಪು ಗೆರೆ ಎಳೆದಿದ್ದೆ. ಇದೊಂದು ಹಾಳೆ ಇಲ್ದಿದ್ರೆ ನಾನು ಖಂಡಿತ ಒಂದು ಸಲ ಮಾತ್ರೆ ಮರೀತಿದ್ದೆ ಇಲ್ಲ ಎರಡು ಸಲ ಕೊಡ್ತಿದ್ದೆ.

ಸಾರು. ಅವ್ವನ ಹತ್ರ ಅಳತೆ ಕೇಳಿದ್ರೆ "ನೋಡ್ಕೊಂಡು ಹಾಕು" ಅಂತಾಳೆ. ನೋಡಕ್ಕೆ ನಂಗೇನು ಗೊತ್ತು? ಅದಕ್ಕೆ ಅವ್ಳು ಸಾಕು ಅಂದಾಗ ಚಮಚ ಎಣಿಸಿ ಬರ್ಕೊಂಡೆ. ಒಂದು ಕೆಜಿಗೆ ಬಂದ ಲೆಕ್ಕ ಇದು: ದಪ್ಪ ಈರುಳ್ಳಿ ಎರಡು, ಬೆಳ್ಳುಳ್ಳಿ ಒಂದು ಪೂರ್ತಿ ಗಡ್ಡೆ, ಎರಡು ಬೆರಳು ಶುಂಠಿ, ಧನಿಯ ಪುಡಿ ಮೂರು ಚಮಚ, ಖಾರದ ಪುಡಿ ಎರಡು, ಚಕ್ಕೆ ಲವಂಗ ಸ್ವಲ್ಪ, ತೆಂಗಿನಕಾಯಿ ಅರ್ಧ ಹೋಳು, ಗಸಗಸೆ ಒಂದು ಚಮಚ, ಹುರಿಗಡಲೆ ಒಂದು ಹಿಡಿ, ಕೊತ್ತಂಬರಿ ಪುದೀನ. ಮೊದ್ಲು ಈರುಳ್ಳಿ ಬಾಡ್ಸಿ ಮಾಂಸ, ಅರಿಶಿನ, ಉಪ್ಪು ಹಾಕಿ ಮಾಂಸ ತನ್ನ ನೀರು ತಾನೇ ಬಿಡೋವರೆಗೂ ತಿರುಗಿಸ್ಬೇಕು, ಆ ನೀರು ಇಂಗೋಕೆ ಮುಂಚೆ ಬೇರೆ ನೀರು ಹಾಕ್ಬಾರ್ದು. ಕಾಯಿ ಗಸಗಸೆ ಕಡೇಲಿ. ಈಲಿ (ಲಿವರ್) ಮೊದ್ಲೇ ತೆಗೆದಿಟ್ಕೊಂಡು ಮೆಣಸು ಹಾಕಿ ಮಕ್ಕಳಿಗೆ ಹುರಿದುಕೊಟ್ಟೆ, ಸಾರಲ್ಲಿ ಬೆಂದ್ರೆ ರಬ್ಬರ್ ಆಗುತ್ತೆ. ಅಂಗಡಿ ಮಟನ್ ಐದಾರು ವಿಸಿಲ್ ಅಂತಾರಲ್ಲ, ನಮ್ಮ ಟಗರು ವಯಸ್ಸಾದ್ದು, ಒಂಬತ್ತು ವಿಸಿಲ್ ಆದ್ರೂ ಮೂಳೆ ಬಿಡ್ಲಿಲ್ಲ, ಇನ್ನೂ ಮೂರು ಕೂಗಿಸ್ದೆ.

ರುಬ್ಬಿದ ಮಸಾಲೆ ಹಾಕಿ ಹತ್ತು ನಿಮಿಷ ಕುದ್ದ ಮೇಲೆ ಆಯ್ತಾ ಅವ್ವ ಅಂದೆ. ಚೇರಲ್ಲಿ ಕೂತೋಳು ಮೂಗು ಮಾತ್ರ ಸ್ವಲ್ಪ ಎತ್ತಿ "ಇಲ್ಲ, ಧನಿಯ ಇನ್ನೂ ಹಸಿ" ಅಂದ್ಳು. ಐದಡಿ ದೂರದಿಂದ. ನಾನು ಪಾತ್ರೆ ಒಳಗೇ ಮೂಗು ಇಟ್ರೂ ನಂಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ. ಇನ್ನೊಂದು ಕಾಲು ಗಂಟೆ ಆದ್ಮೇಲೆ ಮೇಲೆ ಎಣ್ಣೆ ತೇಲಿ ಬಂತು, ಆಗ "ಹೂಂ" ಅಂದ್ಳು.

ಎಡವಟ್ಟು ಎರಡಾಯ್ತು. ಒಂದು, ಉಪ್ಪು. ಮಾಂಸ ಬಾಡ್ಸುವಾಗ ಹಾಕಿದ್ದು ಮರೆತು, ಕೆಳಗಿಂದ ಹೆಂಡ್ತಿ ಫೋನ್ ಮಾಡಿ "ಉಪ್ಪು ಹಾಕಿದ್ಯಾ" ಅಂದಿದ್ದಕ್ಕೆ ಗಾಬರಿಯಲ್ಲಿ ಮತ್ತೊಂದು ಹಿಡಿ ಹಾಕ್ಬಿಟ್ಟೆ. ಬಿಸಿನೀರು, ಇನ್ನರ್ಧ ಹೋಳು ಕಾಯಿ ರುಬ್ಬಿ ಹಾಕಿ ಸರಿ ಮಾಡಕ್ಕೆ ನೋಡಿದ್ವಿ, ಪೂರ್ತಿ ಸರಿ ಹೋಗ್ಲಿಲ್ಲ. ಮುದ್ದೆಗೆ ಉಪ್ಪಿಲ್ವಲ್ಲ, ಮುದ್ದೆ ಜೊತೆ ಗೊತ್ತಾಗಲ್ಲ ಬಿಡು ಅಂದ್ರು ಭಾವ. ಎರಡು, ಕೈಮ ಉಂಡೆ. ಅಕ್ಕ ಉಂಡೆ ಕಟ್ಕೊಟ್ಳು, ಕುದಿಯೋ ಸಾರಿಗೆ ಬಿಟ್ಟೆ, ಬಿಟ್ಟ ತಕ್ಷಣ ಸೌಟು ಹಾಕಿ ತಿರುಗಿಸ್ದೆ. ಹದಿಮೂರು ಉಂಡೆ ಕರಗಿ ಸಾರೇ ಆಗೋಯ್ತು. ಬಿಟ್ಟ ಮೇಲೆ ಐದು ನಿಮಿಷ ಮುಟ್ಲೇಬಾರ್ದಂತೆ, ಬೇಕಾದ್ರೆ ಪಾತ್ರೆ ಕಿವಿ ಹಿಡಿದು ಅಲ್ಲಾಡಿಸ್ಬೇಕಂತೆ. ಮೊದ್ಲೇ ಹೇಳ್ಬಾರ್ದಾ ಅವ್ವ ಅಂದ್ರೆ "ಸೌಟು ಹಾಕ್ತಾರೆ ಅಂತ ನಂಗೇನ್ ಗೊತ್ತು" ಅಂತ ನಕ್ಕಳು. ನವೆಂಬರಿಂದ ಅವ್ಳು ಹಂಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ.

ಮುದ್ದೆ ನನ್ನ ಕೈಲಿ ಆಗ್ಲಿಲ್ಲ, ಅದನ್ನ ಒಪ್ಕೋತೀನಿ. ಒಂದು ಕೆಜಿ ಹಿಟ್ಟಿಗೆ ಹತ್ತು ಮುದ್ದೆ ಅಂತ ಲೆಕ್ಕ ಹಾಕಿ ಎರಡು ಕೆಜಿ ಒಂದೇ ಪಾತ್ರೆಗೆ ಸುರಿದಿದ್ದೆ. ಕವೆಗೋಲಲ್ಲಿ ಪಾತ್ರೆ ಅದುಮಿ ಹಿಡಿದ್ರೂ ಕೋಲು ತಿರುಗಲ್ಲ, ಒಳಗೆಲ್ಲ ಗಂಟು. ಅಕ್ಕ ಬಂದು ಅರ್ಧ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ, ಬಿಸಿನೀರು ಚಿಮುಕಿಸಿ ಮತ್ತೆ ಬೇಯಿಸಿ ತಿರುವಿ ಸರಿ ಮಾಡಿದ್ಳು. ಮೊದಲ ಸಲ ಮಾಡೋರು ಒಂದು ಸಲಕ್ಕೆ ಐದು ಮುದ್ದೆ ಮೇಲೆ ಹೋಗ್ಬೇಡಿ.

ಒಂದು ಗಂಟೆಗೆ ಅಂದಿದ್ದ ಊಟ ಎರಡೂಕಾಲಿಗೆ. ಚಿಕ್ಕಪ್ಪನ್ನ ಮೆಟ್ಲಿಂದ ದೂರ, ಗಾಳಿ ಬರೋ ಮೂಲೆಗೆ ಕೂರಿಸಿದ್ದೆ, ಅವ್ರು ಬಾಡು ತುಂಬಿದ ಪಾತ್ರೆ ಹತ್ರಾನೇ ಚೇರ್ ಎಳ್ಕೊಂಡು ಬಂದ್ರು. ಮುದ್ದೆ ಮುರಿದು ಗುಂಡಿ ಮಾಡಿ ಸಾರು ಬಿಟ್ಕೊಂಡು, ಎರಡು ತುತ್ತು ನುಂಗಿ "ಅಣ್ಣನ ಮನೇ ಸಾರೇ" ಅಂದ್ರು. ಅವ್ವ ಎಲೆ ನೋಡ್ಕೊಂಡು ಕೂತಿದ್ಳು. ಅವ್ಳಿಗೆ ಮುದ್ದೆ ಮುರಿಯಕ್ಕಾಗ್ತಿರ್ಲಿಲ್ಲ, ನನ್ನ ಮಗಳು ಚಿಕ್ಕ ಚಿಕ್ಕ ತುತ್ತು ಮಾಡಿ ಸಾರಲ್ಲಿ ಅದ್ದಿ ಕೈಗೆ ಕೊಡ್ತಿದ್ಳು, ಅಜ್ಜಿ ನುಂಗು, ಅಗೀಬೇಡ ಅಂತ ಅವ್ಳಿಗೇ ಪಾಠ ಬೇರೆ.

ಕೆಳಗೆ ರೂಮಲ್ಲಿದ್ದೋಳಿಗೆ ರಾಗಿ ಗಂಜಿ, ಮೆಣಸಿನ ಸಾರು. ಅವ್ಳ ತಟ್ಟೆ ಲೋಟ ಬೇರೆ, ಮಗಳಿಗೆ ಒಳಗೆ ಪ್ರವೇಶ ಇಲ್ಲ, ಬಾಗ್ಲಲ್ಲೇ ನಿಂತು ಏನೇನಾಯ್ತು ಅಂತ ವರದಿ ಒಪ್ಪಿಸೋದು. ಐದು ಗಂಟೆಗೆ ಎದುರು ಮನೆಯಿಂದ ಒಂದು ಡಬ್ಬಿ ಶೀರ್ ಖುರ್ಮಾ ಬಂತು. ಮೂರು ದಿನದಲ್ಲಿ ಅವ್ಳು ಬಾಯಿ ಚಪ್ಪರಿಸಿ ತಿಂದಿದ್ದು ಅದೊಂದೇ. ನಾನು ಹನ್ನೆರಡು ವಿಸಿಲ್ ಕೂಗಿಸಿದ್ದು ವ್ಯರ್ಥ ಅನ್ನಿ ಅವ್ಳ ಪಾಲಿಗೆ.

ಪಾತ್ರೆ ಮುಗಿಯೋ ಹೊತ್ತಿಗೆ ರಾತ್ರಿ ಹನ್ನೊಂದು. ಮಂಗಳವಾರ ಬೆಳಿಗ್ಗೆ ಹೆಂಡ್ತಿ ಜ್ವರ ಬಿಡ್ತು, ಎದ್ದವಳೇ ದೋಸೆಗೆ ಹಳೇ ಸಾರು ಇದ್ಯಾ ಅಂದ್ಳು. ಇರ್ಲಿಲ್ಲ, ಎಲ್ಲ ಕ್ಯಾರಿಯರಲ್ಲಿ ಹೋಗಿತ್ತು. ಈ ವಿಷ್ಯಕ್ಕೆ ಇವತ್ತಿಗೂ ಮಾತು ಕೇಳ್ತಿದ್ದೀನಿ.

ಗುರುವಾರ ನಂಗೆ ಜ್ವರ, 101. ಅವ್ವ ಹೆದರಿ, ನಡುಗೋ ಬೆರಳಲ್ಲೇ ಫೋನ್ ಒತ್ತಿ ಊಟಕ್ಕೆ ಬಂದಿದ್ದವ್ರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಮೈ ಬಿಸಿ ಇದ್ಯಾ, ಕೆಮ್ಮು ಇದ್ಯಾ ಅಂತ ವಿಚಾರಿಸಿದ್ಳು. ಯಾರಿಗೂ ಏನೂ ಆಗಿರ್ಲಿಲ್ಲ. ಕೊನೇಲಿ ಚಿಕ್ಕಪ್ಪನಿಗೆ ಮಾಡಿದ್ಳು, ಸ್ಪೀಕರ್ ಆನಲ್ಲಿತ್ತು, ನಾನು ರಗ್ಗೊಳಗಿಂದಾನೇ ಕೇಳಿಸ್ಕೊಂಡೆ.

"ಜ್ವರ ಗಿರ ಏನಿಲ್ಲ ಕಣ್ ಅತ್ತಿಗೆ, ಚೆನ್ನಾಗಿದ್ದೀನಿ. ಆದ್ರೆ ಉಪ್ಪು ಒಂಚೂರು ಜಾಸ್ತಿಯಾಗಿತ್ತು, ನಿಮ್ಮ ಮಗನಿಗೆ ಹೇಳ್ಬೇಡಿ."