ಚಾಸಿ ಕತ್ತರಿಸದೇ ಮನೇಲೇ ಕಟ್ಟಿದ ಯೆಜ್ಡಿ: ನನ್ನ ಅನುಭವ

ಕಸ್ಟಮ್ ಬೈಕ್ ಅಂದ್ರೆ ಲಕ್ಷಗಟ್ಲೆ ದುಡ್ಡು ಬೇಕು, ದೊಡ್ಡ ಗ್ಯಾರೇಜ್ ಬೇಕು ಅಂದ್ಕೊಂಡು ಸುಮಾರು ಜನ ಶುರು ಮಾಡೋಕ್ ಮುಂಚೆನೇ ಕೈಬಿಡ್ತಾರೆ. ನಾನು ಮೈಸೂರಲ್ಲಿ ಮನೆ ಪಕ್ಕದ ಶೀಟ್ ಶೆಡ್ಡಲ್ಲಿ ಹಳೇ ಯೆಜ್ಡಿ ಒಂದನ್ನ ಕಟ್ಟಿದೀನಿ, ಗಾಡಿ ರೇಟ್ ಬಿಟ್ಟು ಮೇಲೆ ಖರ್ಚಾಗಿದ್ದು ಹತ್ತಿರತ್ತಿರ 40 ಸಾವಿರ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜಿನ್ನಿಗೇ ಹೋಯ್ತು, ಹೋಗ್ಬೇಕಾಗಿದ್ದೂ ಅಲ್ಲಿಗೇ.

ಯೆಜ್ಡಿನೇ ಯಾಕೆ ಅಂದ್ರೆ ನಮ್ಮೂರ ಗಾಡಿ ಅದು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರ ತನಕ ಇಲ್ಲೇ ಗಾಡಿ ಮಾಡ್ತಿತ್ತು, ಹಂಗಾಗಿ ಇದರ ಇಂಜಿನ್ ಬಿಚ್ಚಿ ಗೊತ್ತಿರೋ ಹಿರಿಯ ಮೆಕ್ಯಾನಿಕ್‌ಗಳು ಇಲ್ಲಿ ಇನ್ನೂ ಸಿಗ್ತಾರೆ, ಗುಜರಿ ಅಂಗಡೀಲೂ ಸ್ಪೇರ್ ಹುಡುಕಬಹುದು. ಇನ್ನೊಂದು, ಇದು 250 ಸಿಸಿ ಟೂ ಸ್ಟ್ರೋಕ್, ವಾಲ್ವ್ ಇಲ್ಲ ಕ್ಯಾಮ್ ಇಲ್ಲ, ತಾಳ್ಮೆ ಇದ್ರೆ ಮನೇಲೇ ಬಿಚ್ಚಿ ಅರ್ಥ ಮಾಡ್ಕೋಬಹುದು.

ಮೊದಲನೇ ದಿನಾನೇ ಒಂದು ತೀರ್ಮಾನ ಮಾಡಿದ್ದೆ, ಚಾಸಿಗೆ, ಅಂದ್ರೆ ಗಾಡಿಯ ಕಬ್ಬಿಣದ ಫ್ರೇಮಿಗೆ, ಗ್ರೈಂಡರ್ ತಾಗಿಸಲ್ಲ ಅಂತ. ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ ಸೀಟ್ ಕೆಳಗಿರೋ ಹಿಂದಿನ ಪೈಪ್ ಲೂಪ್ ಕತ್ತರಿಸಿ ವೆಲ್ಡಿಂಗ್ ಹೊಡೆಸ್ತಾರಲ್ಲ, ನಂಗೆ ಅದು ಸರಿ ಅನ್ಸಲ್ಲ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಲಿ ಇರೋ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಂಗಿಲ್ಲ, 15 ವರ್ಷ ದಾಟಿದ ಗಾಡಿನ 5 ವರ್ಷಕ್ಕೊಂದ್ಸಲ ರಿನ್ಯೂವಲ್‌ಗೆ ಆರ್‌ಟಿಓಗೆ ತಗೊಂಡು ಹೋಗಲೇಬೇಕು. ಕಾನೂನು ಪಕ್ಕಕ್ಕಿಡಿ, ವೆಲ್ಡಿಂಗ್ ಬಿಟ್ಟುಕೊಂಡ್ರೆ ಕೂತಿರೋರ ಗತಿ ಏನು? ಅದಕ್ಕೇ ಫ್ಲಾಟ್ ಹ್ಯಾಂಡಲ್, ಸಣ್ಣ ಸೀಟು, ಮಡ್‌ಗಾರ್ಡು ಎಲ್ಲಾನೂ ಇದ್ದ ತೂತಿಗೇ ಬೋಲ್ಟ್ ಹಾಕಿ ಕೂರಿಸಿದೀನಿ, ಬಿಚ್ಚಿದ ಒರಿಜಿನಲ್ ಸಾಮಾನು ಅಟ್ಟದ ಮೇಲಿದೆ. ಆರ್‌ಸಿಲಿ ಕಪ್ಪು ಅಂತಿತ್ತು, ಬಣ್ಣಾನೂ ಕಪ್ಪೇ.

ಇಂಜಿನ್ನಲ್ಲಿ ಎಲ್ಲಕ್ಕಿಂತ ಮೊದಲು ನೋಡ್ಬೇಕಾಗಿದ್ದು ಕ್ರ್ಯಾಂಕ್ ಆಯಿಲ್ ಸೀಲ್. ಪಿಸ್ಟನ್ ತಿರುಗಿಸೋ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಇರೋ ಸಣ್ಣ ರಬ್ಬರ್ ರಿಂಗ್ ಅದು, ಆದ್ರೆ ಕ್ಲಚ್ ಕಡೆ ಸೀಲ್ ಹೋದ್ರೆ ಇಂಜಿನ್ನು ಗೇರ್ ಆಯಿಲ್ ಎಳ್ಕೊಂಡು ಬೆಳ್ಳಗೆ ಹೊಗೆ ಬಿಡತ್ತೆ, ಡೈನಮೋ ಕಡೆದು ಹೋದ್ರೆ ಗಾಳಿ ಎಳ್ಕೊಂಡು ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಬಿಸಿ ಏರಿ ಪಿಸ್ಟನ್ ಸಿಲಿಂಡರೊಳಗೆ ಹಿಡ್ಕೊಳತ್ತೆ. ಕಾರ್ಬುರೇಟರ್ ಎಷ್ಟು ತಿರುಗಿಸಿದ್ರೂ ಐಡಲ್ (ನಿಂತಲ್ಲೇ ಇಂಜಿನ್ ಓಡೋ ವೇಗ) ಒಂದೇ ಸಮ ನಿಲ್ತಿಲ್ಲ ಅಂದ್ರೆ ಸೀಲ್ ಮೇಲೆ ಅನುಮಾನ ಪಡಿ. ಇಂಜಿನ್ ಹೆಂಗೂ ಬಿಚ್ಚಿದ್ದು ಅಂತ ಸೀಲು, ಬೇರಿಂಗು, ಕನೆಕ್ಟಿಂಗ್ ರಾಡ್ ಕಿಟ್ಟು ಎಲ್ಲಾ ಒಟ್ಟಿಗೇ ಹಾಕಿಸ್ದೆ. ಬೋರ್, ಅಂದ್ರೆ ಸಿಲಿಂಡರ್ ಒಳ ಅಗಲ, 65 ಮಿ.ಮೀ. ಸ್ಟ್ಯಾಂಡರ್ಡ್, ಸವೆದಿದ್ರೆ ಒಂಚೂರು ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಮೊದಲು ತಗೊಂಡು ಆಮೇಲೆ ಲೇತ್‌ಗೆ ಹೋಗ್ಬೇಕು. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೋರಿಂಗ್ ಮಾಡಿಕೊಟ್ಟ ಅಣ್ಣ ಕೂಡ ಅದನ್ನೇ ಕೇಳಿದ್ದು, "ಪಿಸ್ಟನ್ ಎಲ್ಲಪ್ಪಾ? ಅದನ್ನ ಅಳೆದೇ ಬೋರ್ ಹೊಡೆಯೋದು" ಅಂತ.

ದುಡ್ಡು ಉಳಿಸಿದ್ದೆಲ್ಲಾ ಮನೆ ಕೆಲಸದಲ್ಲಿ. ಟ್ಯಾಂಕ್ ಒಳಗೆ ತುಕ್ಕು ಪದರ ಪದರ ಎದ್ದಿತ್ತು, ಪೆಟ್ರೋಲ್ ಕಾಕ್ ಬಿಚ್ಚಿ ರಂಧ್ರ ಮುಚ್ಚಿ ಒಂದು ಹಿಡಿ ಹಳೇ ನಟ್ಟು, ಸ್ವಲ್ಪ ಡೀಸೆಲ್ ಹಾಕಿ ಗೋಣಿಚೀಲದ ಮೇಲೆ ಇಟ್ಕೊಂಡು ಎಲ್ಲಾ ಮೂಲೆಗೂ ಹೋಗೋ ಹಾಗೆ ಅಲ್ಲಾಡ್ಸೋದು, ಸುರಿದಾಗ ಡೀಸೆಲ್ ಕಾಫಿ ಡಿಕಾಕ್ಷನ್ ಥರ ಬರತ್ತೆ, ಅದು ತಿಳಿಯಾಗೋ ತನಕ ಬಿಡ್ಬಾರ್ದು. ಆಮೇಲೆ ಸೋಪ್ ನೀರಲ್ಲಿ ಜಿಡ್ಡು ತೆಗೆದು, ರಾತ್ರಿಯಿಡೀ ವಿನೆಗರ್ ತುಂಬಿಟ್ಟು, ಬೆಳಿಗ್ಗೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ತಕ್ಷಣ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡೀಲಿ ಪೆಟ್ರೋಲ್ ಜೊತೆ ಬೆರೆಸೋ ಆಯಿಲ್) ಸವರಬೇಕು, ತಡ ಆದ್ರೆ ಮತ್ತೆ ತುಕ್ಕು ಹಿಡಿಯತ್ತೆ. ಇದಕ್ಕೆ ಖರ್ಚು ಜಾಸ್ತಿ ಏನಿಲ್ಲ.

ವೈರಿಂಗ್ ನಾನೇ ಹೊಸದಾಗಿ ಎಳೆದಿದ್ದು. ಹಳೇ ವೈರಿಗೆ ಇನ್ಸುಲೇಶನ್ ಟೇಪ್ ಸುತ್ತಿ ಸುತ್ತಿ ಎಷ್ಟು ದಿನ ಓಡ್ಸೋಕಾಗತ್ತೆ. ಒಂದೊಂದು ಲೈನಿಗೂ ಬೇರೆ ಬಣ್ಣದ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಹ್ಯಾಂಡಲ್ ತಿರುಗೋ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟು ಸ್ಲೀವ್ ಹಾಕಿದ್ದು, ಎಲ್ಲಾ ಒಂದು ಕಾಗದದಲ್ಲಿ ಬರೆದು ಸೀಟ್ ಕೆಳಗೆ ಇಟ್ಟಿದೀನಿ.

ಪೇಂಟ್ ಸ್ಪ್ರೇ ಕ್ಯಾನ್ದೇ. ಪುಟ್ಟಿ ಹಾಕಿ ನೀರಲ್ಲಿ ಉಜ್ಜಿ, 220, 400, 800 ನಂಬರ್ ಪೇಪರ್ ಅಂತ ಮೇಲ್ಮೇಲೆ ಹೋಗೋದು. ಮಳೆಗಾಲದಲ್ಲೂ ಇಬ್ಬನಿ ಬೀಳೋ ಬೆಳಿಗ್ಗೆಲೂ ಹೊಡೀಬೇಡಿ, ತೇವಕ್ಕೆ ಹೊಳಪು ಹೋಗಿ ಹಾಲು ಸುರಿದಂಗೆ ಮಂಕಾಗತ್ತೆ.

ಬ್ರೇಕಲ್ಲಿ ಮಾತ್ರ ಒಂದ್ ರೂಪಾಯೀನೂ ಉಳಿಸೋಕ್ ಹೋಗ್ಬೇಡಿ. ಎರಡೂ ಡ್ರಮ್ ಲೇತಲ್ಲಿ ಸರಿ ಮಾಡ್ಸಿ, ಹೊಸ ಶೂ, ಹೊಸ ಕೇಬಲ್ ಹಾಕ್ಸಿದೀನಿ, ಆದ್ರೂ ಇದು ಹಳೇ ಡ್ರಮ್ ಬ್ರೇಕು, ಈಗಿನ ಡಿಸ್ಕ್ ಥರ ನಿಲ್ಲಲ್ಲ, ಅಂತರ ಇಟ್ಕೊಂಡೇ ಓಡಿಸ್ತೀನಿ.

ಈಗ ರನ್ನಿಂಗ್ ಇನ್, ಅಂದ್ರೆ ಹೊಸ ಪಿಸ್ಟನ್ ಹೊಂದ್ಕೊಳೋ ತನಕ ನಿಧಾನಕ್ಕೆ ಓಡ್ಸೋದು, ನಡೀತಿದೆ, ಲೀಟರ್ ಪೆಟ್ರೋಲ್‌ಗೆ 40 ಎಂಎಲ್ ಟೂಟಿ, ಶ್ರೀರಂಗಪಟ್ಟಣದ ತನಕ ನಿಧಾನಕ್ಕೆ ಹೋಗಿ ಇಂಜಿನ್ ತಣ್ಣಗಾದ್ಮೇಲೆ ವಾಪಸ್ ಬರ್ತೀನಿ, ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡ್ತೀನಿ. ಕಂದು ಇದ್ರೆ ಸರಿ, ಬಿಳಿ ಕಂಡ್ರೆ ಲೀನ್ ಅಂತ, ಕಾರ್ಬುರೇಟರ್ ಮತ್ತೆ ಬಿಚ್ಚೋದು.