ಹೆಸರು ತೆಗೆದರೆ ಸಾಲದು: ಕೆಲಸದಲ್ಲಿದ್ದುಕೊಂಡು ಬರೆಯುವುದು ಹೇಗೆ?

ನನ್ನ ಗೆಳೆಯನೊಬ್ಬ ಮೈಸೂರಿನ ಒಂದು ಕಾರ್ಖಾನೆಯಲ್ಲಿದ್ದ. ಕ್ಯಾಂಟೀನಿನ ಸಾರು ಎಷ್ಟು ನೀರು ಅಂತ ಫೇಸ್‌ಬುಕ್‌ನಲ್ಲಿ ತಮಾಷೆಯಾಗಿ ಬರೆದ. ಕಂಪನಿಯ ಹೆಸರು ಎಲ್ಲೂ ಹಾಕಿರಲಿಲ್ಲ. ಮೂರನೇ ದಿನ ಎಚ್‌ಆರ್‌ನವರು ಕರೆಸಿದರು. ಮೇಜಿನ ಮೇಲೆ ಅವನ ಬರಹದ ಪ್ರಿಂಟ್‌ಔಟ್ ಇತ್ತು. ಹೀಗೆ ಸಿಕ್ಕಿಬಿದ್ದ ಇನ್ನೂ ಇಬ್ಬರನ್ನು ನೋಡಿದ್ದೇನೆ. ಎಲ್ಲರೂ ಎಡವಿದ್ದು ಒಂದೇ ಕಡೆ. ಅಲ್ಲಿಗೆ ಬರುತ್ತೇನೆ.

ಮೊದಲು ನೇಮಕಾತಿ ಪತ್ರ ಹುಡುಕಿ ತೆಗೆಯಿರಿ. ಗೋಪ್ಯತೆ ಮತ್ತು ಬೇರೆ ಆದಾಯದ ಬಗ್ಗೆ ಏನಿದೆ ಓದಿ. ರಾಜ್ಯ ಸರ್ಕಾರಿ ನೌಕರರಾದರೆ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವ ಹಾಗಿಲ್ಲ. ಪುಸ್ತಕ ತರುವುದಿದ್ದರೂ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಎರಡನೆಯದು ಸುಲಭ. ಸ್ವಂತ ಫೋನ್, ಸ್ವಂತ ಇಮೇಲ್, ಡ್ಯೂಟಿ ಮುಗಿದ ಮೇಲೆ. ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮಾಲೀಕರೇ ಮೊದಲ ಹಕ್ಕುದಾರರು.

ಮೂರನೆಯದೇ ಕಷ್ಟ. ಕೆಲಸದ ಜಾಗದ, ಅಲ್ಲಿನ ಜನರ ಗುರುತು ಅಳಿಸುವುದು.

ಗೆಳೆಯನ ಬರಹದಲ್ಲಿ ಏನಿತ್ತು? ಬೂದು ಬಣ್ಣದ ಯೂನಿಫಾರ್ಮು, ಆರೂಕಾಲರ ಬಸ್ಸು, ಬುಧವಾರದ ಪಾಯಸ. ಇಷ್ಟಿದ್ದ ಮೇಲೆ ಹೆಸರು ಯಾಕೆ ಬೇಕು? ಮೈಸೂರು ಅಂಥಾ ದೊಡ್ಡ ಊರಲ್ಲ. ಮಂಡ್ಯದಲ್ಲಂತೂ ನಿಮ್ಮ ಮ್ಯಾನೇಜರು ನಿಮ್ಮ ಚಿಕ್ಕಮ್ಮನ ಪಕ್ಕದ ಮನೆಯವರೇ ಆಗಿರುತ್ತಾರೆ.

ಹಾಗಾಗಿ ಬರೆದದ್ದನ್ನು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಸಮಯ, ಬಣ್ಣ, ಸಂಖ್ಯೆ, ತಿಂಡಿ, ಯಾರದೋ ಮಾತಿನ ವರಸೆ, ಪ್ರತಿಯೊಂದರ ಕೆಳಗೂ ಗೆರೆ ಎಳೆಯಿರಿ. ಒಂದೊಂದೇ ನೋಡಿದರೆ ಏನೂ ಅಲ್ಲ. ಮೂರು ಸೇರಿದರೆ ವಿಳಾಸ ಕೊಟ್ಟ ಹಾಗೆ. ಪಕ್ಕದ ಸೀಟಿನವರು ಓದಿದರೆ ಗೊತ್ತಾಗುತ್ತಾ ಅಂತ ಕೇಳಿಕೊಳ್ಳಿ. ಬುಧವಾರದ ಪಾಯಸವನ್ನು ಶುಕ್ರವಾರದ ಕೇಸರಿಬಾತ್ ಮಾಡಿದರೆ ಸಾಲದು, ತೆಗೆದೇಬಿಡಿ. ಈ ವಾರ ಆಗಿದ್ದನ್ನು ಈ ವಾರವೇ ಬರೆಯಬೇಡಿ. ಆರು ತಿಂಗಳು ಕಾಯಿರಿ. ಜಾಸ್ತಿ ಅನ್ನಿಸಬಹುದು, ನಾನು ಮಾತ್ರ ಕಮ್ಮಿ ಮಾಡಲ್ಲ.

ಮನುಷ್ಯರ ವಿಷಯ ಇನ್ನೂ ಸೂಕ್ಷ್ಮ. ಹೆಸರು ಹಾಕದಿದ್ದರೂ ಯಾರೆಂದು ತಿಳಿದರೆ ಮಾನನಷ್ಟದ ದೂರು ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಎರಡು ವರ್ಷದವರೆಗೆ ಸಜೆ ಇದೆ. ‘ನಾನು ಬರೆದಿದ್ದು ನಿಜಾನೇ’ ಅಂದರೆ ಮುಗಿಯುವುದಿಲ್ಲ. ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಸಾಹೇಬರ ಗೊರಕೆಯಲ್ಲಿ ಏನು ಸಾರ್ವಜನಿಕ ಹಿತ?

ಫೋಟೋ ಹಾಕುವವರಿಗೆ ಒಂದು ಮಾತು. ಫೋನಿನ ಹೈಲೈಟರ್‌ನಿಂದ ಕಪ್ಪು ಬಳಿದು ಹೆಸರು ಮುಚ್ಚಬೇಡಿ. ಬ್ರೈಟ್‌ನೆಸ್ ಏರಿಸಿದರೆ ಕೆಳಗಿನ ಅಕ್ಷರ ಕಾಣುತ್ತದೆ. ಆ ಭಾಗವನ್ನೇ ಕತ್ತರಿಸಿ ಹಾಕಿ. ಕೊರಳಿನ ಐಡಿ ಕಾರ್ಡ್ ದಾರ, ಹಿಂದಿನ ಬೋರ್ಡು ಎರಡನ್ನೂ ನೋಡಿ.

ಕಾವ್ಯನಾಮ ಇದ್ದರೆ ಸಾಕು ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಅದೇ ಫೋನ್ ನಂಬರಿನಿಂದ ಖಾತೆ ತೆರೆದರೆ ಆಫೀಸಿನವರಿಗೆ ‘ಇವರು ನಿಮಗೆ ಗೊತ್ತಿರಬಹುದು’ ಅಂತ ನಿಮ್ಮನ್ನೇ ತೋರಿಸಬಹುದು. ಸ್ವಂತ ಹೆಸರಲ್ಲೇ ಬರೆಯಿರಿ, ಕೈ ತಾನಾಗಿಯೇ ಹತೋಟಿಗೆ ಬರುತ್ತದೆ. ‘ಅಭಿಪ್ರಾಯ ನನ್ನ ಸ್ವಂತದ್ದು’ ಎಂಬ ಸಾಲು ಹಾಕಿ, ಆದರೆ ಅದನ್ನೇ ಗುರಾಣಿ ಅಂದುಕೊಳ್ಳಬೇಡಿ. ಅಮೆರಿಕದ ಹೆದರ್ ಆರ್ಮ್‌ಸ್ಟ್ರಾಂಗ್ 2002ರಲ್ಲಿ ‘ಡೂಸ್’ ಎಂಬ ತಮ್ಮ ಬ್ಲಾಗ್ ತಾಣದಲ್ಲಿ ಆಫೀಸಿನ ಬಗ್ಗೆ ಬರೆದು ಕೆಲಸ ಕಳೆದುಕೊಂಡರು. ಆಕೆಯ ತಾಣದ ಹೆಸರಿನಿಂದಲೇ, ಹೀಗೆ ಕೆಲಸ ಹೋಗುವುದಕ್ಕೆ ‘ಡೂಸ್ಡ್’ ಎಂಬ ಪದ ಹುಟ್ಟಿತು.

ಬರಹದಿಂದ ದುಡ್ಡು ಬರುತ್ತಿದ್ದರೆ ಅನುಮತಿ ಕೇಳಿ, ಲಿಖಿತವಾಗಿ. ‘ಸಾರ್ ಹೂಂ ಅಂದ್ರು’ ಅನ್ನುವುದು ನಾಳೆ ನಡೆಯಲ್ಲ.

ಇಷ್ಟಾದರೂ ಕರೆ ಬಂತಾ? ಗಾಬರಿಯಲ್ಲಿ ಅಳಿಸಲು ಓಡಬೇಡಿ, ಸ್ಕ್ರೀನ್‌ಶಾಟ್ ಆಗಲೇ ಅವರ ಹತ್ತಿರ ಇರುತ್ತದೆ. ನಿಮ್ಮ ಹತ್ತಿರವೂ ಒಂದು ಪ್ರತಿ ಇಟ್ಟುಕೊಳ್ಳಿ. ಯಾವ ಸಾಲಿಗೆ ಆಕ್ಷೇಪ ಅಂತ ಬರವಣಿಗೆಯಲ್ಲಿ ಕೇಳಿ, ಒಂದು ದಿನ ಸಮಯ ತೆಗೆದುಕೊಂಡು ಉತ್ತರ ಬರೆಯಿರಿ. ಗೆಳೆಯ ಅಲ್ಲೇ ನಿಂತು ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿಬಿಟ್ಟ. ಅದರಲ್ಲಿ ಏನಿತ್ತು ಅಂತ ಅವನಿಗೆ ಇವತ್ತಿಗೂ ಸರಿಯಾಗಿ ನೆನಪಿಲ್ಲ.